ಗದ್ದಲದ ದಿನಗಳಲ್ಲಿ ಕುಣಿದದ್ದನ್ನು ಉಳಿಸಿಕೊಳ್ಳುವುದು ಹೇಗೆ: ಸಣ್ಣ ನೃತ್ಯ ತಂಡಗಳಿಗೊಂದು ಮಾರ್ಗದರ್ಶಿ

ಗಂಗಾವತಿಯ ಹೊರವಲಯದಲ್ಲಿ ಕೆಲಸ ನಿಲ್ಲಿಸಿದ್ದ ಅಕ್ಕಿ ಗಿರಣಿಯೊಂದರ ಗೋದಾಮಿನಲ್ಲಿ ನಮ್ಮ ಆರು ಜನರ ತಂಡ ಎರಡು ತಿಂಗಳು ತಾಲೀಮು ಮಾಡಿ, ಗುಳೆ ಹೋದವರ ಮನೆಗಳ ಬೀಗವನ್ನೇ ವಸ್ತುವಾಗಿಸಿಕೊಂಡ 22 ನಿಮಿಷಗಳ ಸಮಕಾಲೀನ ನೃತ್ಯವೊಂದನ್ನು ಕಟ್ಟಿತ್ತು. ಪ್ರದರ್ಶನದ ಹಿಂದಿನ ರಾತ್ರಿ ಊರಿನಲ್ಲಿ ಎರಡು ಗುಂಪುಗಳ ನಡುವೆ ಗಲಾಟೆಯಾಯಿತು. ಬೆಳಗಾಗುವಷ್ಟರಲ್ಲಿ ನಿಷೇಧಾಜ್ಞೆ ಜಾರಿಗೆ ಬಂದು ಸಭಾಂಗಣದ ಬಾಗಿಲಿಗೇ ಬೀಗ ಬಿತ್ತು. ನಾಲ್ಕು ವರ್ಷಗಳ ಮೇಲೆ ಅದೇ ನೃತ್ಯವನ್ನು ಮತ್ತೆ ಕಟ್ಟಲು ಕುಳಿತಾಗ ನಮ್ಮ ಕೈಯಲ್ಲಿದ್ದದ್ದು ಚಹದಂಗಡಿಯ ಹುಡುಗನೊಬ್ಬ ತಾಲೀಮಿನ ಹೊತ್ತಿಗೆ ಇಣುಕಿ ತೆಗೆದಿದ್ದ 42 ಸೆಕೆಂಡುಗಳ ವಾಟ್ಸ್‌ಆ್ಯಪ್ ತುಣುಕು, ಒಂದು ಕರಪತ್ರ, ಮತ್ತು ಆರು ಜನರ ಆರು ಬಗೆಯ ನೆನಪು. 11ನೆಯ ನಿಮಿಷದಿಂದ 14ನೆಯ ನಿಮಿಷದವರೆಗೆ ಏನಿತ್ತು ಎಂಬುದನ್ನು ಯಾರೂ ಹೇಳಲಾರದೆ ಹೋದರು. ಆ ಭಾಗವನ್ನು ಕುಣಿದಿದ್ದ ಹುಡುಗಿ ಬೆಂಗಳೂರಿನ ಕಟ್ಟಡ ಕೆಲಸದಿಂದ ಹಬ್ಬಕ್ಕೆಂದು ಊರಿಗೆ ಬಂದಿದ್ದಳು. ಎಷ್ಟು ಕೇಳಿದರೂ ತಲೆ ಅಲ್ಲಾಡಿಸಿ, "ಬಾಯಾಗ ಬರಂಗಿಲ್ರಿ ಅಕ್ಕಾ, ನಿಂತ್ರ ಬರ್ತೈತೇನೋ" ಎಂದಳು. ಚಪ್ಪಲಿ ಬಿಟ್ಟು ಅದೇ ಗೋದಾಮಿನ ಸಿಮೆಂಟು ನೆಲದ ಮೇಲೆ ನಿಂತಳು. ಹಾಡು ಹಾಕಿದೆವು. ಎರಡು ಬಾರಿ ತಡವರಿಸಿ ಮೂರನೆಯ ಬಾರಿಗೆ ಅವಳ ಎಡ ಹಿಮ್ಮಡಿ ತಾನಾಗಿ ಹಿಂದಕ್ಕೆ ತಿರುಗಿತು, ಅದರ ಬೆನ್ನಿಗೆ ಭುಜ ಬಂತು, ಭುಜದ ಬೆನ್ನಿಗೆ ಉಳಿದ ಮೂರು ನಿಮಿಷವೂ ಬಂತು.

ಅವಳು ಆ ಹಬ್ಬಕ್ಕೆ ಊರಿಗೆ ಬಾರದೆ ಇದ್ದಿದ್ದರೆ ಆ ಮೂರು ನಿಮಿಷ ಹೋದಂತೆಯೇ ಆಗಿತ್ತು. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಸಣ್ಣ ತಂಡಗಳು ನಾವು ಮಾಡಿದ ತಪ್ಪನ್ನು ಮಾಡದಿರಲಿ ಎಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಇಲ್ಲಿರುವ ಪ್ರತಿಯೊಂದು ಸೂಚನೆಯ ಹಿಂದೆಯೂ ಒಂದೇ ಗುರಿಯಿದೆ. ನೃತ್ಯವನ್ನು ನೋಡುವುದಕ್ಕಾಗಿ ಉಳಿಸಿದರೆ ಸಾಲದು, ಅದನ್ನು ಕಂಡೇ ಇರದ ಇನ್ನೊಬ್ಬರು ಮತ್ತೆ ಕುಣಿಯಲು ಸಾಧ್ಯವಾಗುವಂತೆ ಉಳಿಸಬೇಕು.

ಮೊದಲು ಜನರ ಪಟ್ಟಿ

ದಾಖಲೆ ಎಂದೊಡನೆ ಎಲ್ಲರೂ ಕ್ಯಾಮೆರಾ ಹುಡುಕುತ್ತಾರೆ. ಬಿಕ್ಕಟ್ಟಿನ ಕಾಲದಲ್ಲಿ ಮೊದಲು ಚದುರಿ ಹೋಗುವವರು ಜನ, ಆದ್ದರಿಂದ ಪಟ್ಟಿಯೂ ಅವರಿಂದಲೇ ಆರಂಭವಾಗಬೇಕು. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಖಮೇರ್ ರೂಜ್ ಆಡಳಿತ ನಡೆದಾಗ ಅರಮನೆಯ ಶಾಸ್ತ್ರೀಯ ನೃತ್ಯದ ಬಹುಪಾಲು ಕಲಾವಿದರು ಸತ್ತರು. ಬದುಕುಳಿದ ಬೆರಳೆಣಿಕೆಯ ಗುರುಗಳು 1979ರ ನಂತರ ಒಂದೆಡೆ ಸೇರಿ, ಒಬ್ಬರಿಗೆ ಬರುತ್ತಿದ್ದ ಭಂಗಿಗೆ ಇನ್ನೊಬ್ಬರಿಗೆ ನೆನಪಿದ್ದ ಹಾಡನ್ನು ಕೂಡಿಸುತ್ತ ಆ ಪರಂಪರೆಯನ್ನು ಮತ್ತೆ ಕಟ್ಟಿದರು. ಅವರಲ್ಲಿ ಪ್ರಮುಖರಾದ ಚಿಯಾ ಸಾಮಿ ಅವರು ಸ್ವತಃ ಖಮೇರ್ ರೂಜ್ ನಾಯಕ ಪೊಲ್ ಪಾಟ್‌ನ ಅಣ್ಣನ ಹೆಂಡತಿ. ಅಲ್ಲಿ ಪತ್ರಾಗಾರವಾಗಿ ಉಳಿದದ್ದು ಮನುಷ್ಯರ ಮೈ.

ನಮ್ಮ ಕಡೆ ಕಲಾವಿದರು ಚದುರಲು ಅಂಥ ಘೋರವೇನೂ ನಡೆಯಬೇಕಾಗಿಲ್ಲ. ಮಳೆ ಕೈಕೊಟ್ಟರೆ ರಾಯಚೂರು, ಕೊಪ್ಪಳದ ಅರ್ಧ ತಂಡ ಗುಳೆ ಹೋಗುತ್ತದೆ, ಮದುವೆಯಾದ ಹುಡುಗಿ ಕುಣಿತ ಬಿಡುತ್ತಾಳೆ, ಗಲಾಟೆಯ ನಂತರ ಮನೆಯವರು ಮಗನನ್ನು ದೂರದ ಊರಿಗೆ ಕಳಿಸಿಬಿಡುತ್ತಾರೆ. ಹಾಗಾಗಿ ಒಂದು ದಪ್ಪ ರಟ್ಟಿನ ನೋಟುಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ ಮೀಸಲಿಟ್ಟು, ಅವರು ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಕುಣಿದರು, ಯಾರ ಭಾಗವನ್ನು ನೋಡಿ ಕಲಿತಿದ್ದಾರೆ, ಅವರ ಭಾಗವನ್ನು ಅವರ ಬದಲಿಗೆ ಯಾರು ಕುಣಿಯಬಲ್ಲರು ಎಂಬುದನ್ನು ಬರೆಯಿರಿ. ಕೊನೆಯ ಪ್ರಶ್ನೆಗೆ "ಯಾರೂ ಇಲ್ಲ" ಎಂಬ ಉತ್ತರ ಬಂದ ಕಡೆ ಕೆಂಪು ಗೆರೆ ಎಳೆದು, ಆ ವಾರವೇ ಇನ್ನೊಬ್ಬರಿಗೆ ಆ ಭಾಗವನ್ನು ಕಲಿಸಲು ಶುರುಮಾಡಿ. ಫೋನ್ ನಂಬರು ಬದಲಾಗುತ್ತಲೇ ಇರುವುದರಿಂದ, ಊರಿನಲ್ಲಿ ಖಾಯಂ ಆಗಿರುವ ಒಬ್ಬ ಸಂಬಂಧಿಕರ ನಂಬರನ್ನೂ ಕೇಳಿ ಪಡೆದಿರಿ. ದೀಪ ಹಾಕಿದವರು, ಹಾಡು ಒತ್ತಿದವರು, ಬಟ್ಟೆ ಹೊಲಿದವರು ಕೂಡ ಈ ಪಟ್ಟಿಯಲ್ಲಿರಬೇಕು. ನಮ್ಮ ನೃತ್ಯದ ವೇಷವನ್ನು ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆ ಮಾಡುವ ಹೆಂಗಸೊಬ್ಬರು ಉಳಿಕೆ ತುಂಡುಗಳಿಂದ ಮಾಡಿಕೊಟ್ಟಿದ್ದರು. ಆ ದಪ್ಪ ಬಟ್ಟೆಯಲ್ಲಿ ಮೊಣಕಾಲು ಪೂರ್ತಿ ಮಡಚಲು ಆಗುತ್ತಿರಲಿಲ್ಲ, ಅದಕ್ಕಾಗಿಯೇ ಒಂದು ಕುಕ್ಕರುಗಾಲಿನ ಚಲನೆಯನ್ನು ಬದಲಾಯಿಸಿದ್ದೆವು ಎಂಬುದು ನೆನಪಾದದ್ದು ಅವರನ್ನು ಮಾತಾಡಿಸಿದ ಮೇಲೆ.

ತಾಲೀಮಿನ ದಿನಚರಿ

ಪ್ರದರ್ಶನದ ದಿನವೇ ದಾಖಲೆ ಮಾಡೋಣ ಎಂದು ಕಾಯುವುದು ದೊಡ್ಡ ತಪ್ಪು, ಏಕೆಂದರೆ ಬಿಕ್ಕಟ್ಟಿನ ಕಾಲದಲ್ಲಿ ಪ್ರದರ್ಶನದ ದಿನ ಬಂದೇ ಬರುತ್ತದೆ ಎಂಬ ಖಾತರಿ ಇರುವುದಿಲ್ಲ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗಾಗಿ ರುಡಾಲ್ಫ್ ಲಾಬಾನ್ ಸಿದ್ಧಪಡಿಸಿದ್ದ ಬೃಹತ್ ಸಮೂಹ ನೃತ್ಯವನ್ನು ಅಂತಿಮ ತಾಲೀಮು ನೋಡಿದ ಮೇಲೆ ನಾಜಿ ಸರ್ಕಾರದ ಪ್ರಚಾರ ಮಂತ್ರಿ ಗೊಬೆಲ್ಸ್ ತಡೆಹಿಡಿದ. ಬೇರೆ ಬೇರೆ ನಗರಗಳ ಗುಂಪುಗಳು ನೃತ್ಯ ಬರೆಯಲೆಂದು ಲಾಬಾನ್ ರೂಪಿಸಿದ ಲಿಪಿಯನ್ನು ನೋಡಿಕೊಂಡೇ ತಮ್ಮ ತಮ್ಮ ಭಾಗ ಕಲಿತು ಬಂದಿದ್ದವು. ಲಾಬಾನ್ ಅದುವರೆಗೆ ಅದೇ ಆಡಳಿತದ ಅಡಿಯಲ್ಲಿ ಹುದ್ದೆ ಹಿಡಿದು ಕೆಲಸ ಮಾಡಿದ್ದವನು ಎಂಬುದನ್ನೂ ಇಲ್ಲಿ ಹೇಳಬೇಕು. ನಮಗೆ ಇಷ್ಟವಾದವರ ಬಗ್ಗೆ ಬರೆಯುವಾಗ ಇಂಥ ಸಂಗತಿಯನ್ನು ಮರೆಮಾಚಿದರೆ ದಾಖಲೆ ಹೊಗಳಿಕೆಯ ಪತ್ರವಾಗುತ್ತದೆ.

ತಂಡದಲ್ಲಿ ಒಬ್ಬರನ್ನು ಬರೆಯುವುದಕ್ಕೆಂದೇ ಗೊತ್ತುಮಾಡಿ. ದಿನಕ್ಕೆ ಅರ್ಧ ಪುಟ ಸಾಕು. ತಾರೀಖು, ಜಾಗ, ಯಾರು ಬಂದಿದ್ದರು, ಯಾರು ಬರಲಿಲ್ಲ, ಏಕೆ ಬರಲಿಲ್ಲ, ಯಾವ ಭಾಗ ಬದಲಾಯಿತು, ಆ ದಿನ ಊರಿನಲ್ಲಿ ಏನು ನಡೆದಿತ್ತು ಎಂಬಷ್ಟನ್ನು ಬರೆದರೆ ಆಯಿತು. ಊರಿನ ಸುದ್ದಿಯನ್ನು ಬಿಡಬೇಡಿ. "ಬಂದ್ ಇದ್ದುದರಿಂದ ಬಸ್ಸಿಲ್ಲ, ನಾಲ್ವರೇ ಬಂದರು, ಆರು ಜನರ ಸಾಲನ್ನು ನಾಲ್ವರಲ್ಲೇ ಮಾಡಿ ನೋಡಿದೆವು, ಖಾಲಿ ಬಿಟ್ಟ ಎರಡು ಜಾಗವೇ ಚೆನ್ನಾಗಿ ಕಂಡಿತು, ಹಾಗೆಯೇ ಉಳಿಸಿದೆವು" ಎಂಬ ಟಿಪ್ಪಣಿಯೊಂದು ನಮ್ಮಲ್ಲಿ ಇದ್ದಿದ್ದರೆ, ಮುಂದೆ ಅದನ್ನು ಕಟ್ಟುವವರು ಆ ಖಾಲಿ ಜಾಗಕ್ಕೆ ಇಬ್ಬರನ್ನು ತಂದು ನಿಲ್ಲಿಸುವ ಅನಾಹುತ ತಪ್ಪುತ್ತಿತ್ತು. ನಾವೇ ಹಾಗೆ ನಿಲ್ಲಿಸಿ, ಒಂದು ವಾರ ಕುಣಿಸಿ, ಏನೋ ಸರಿಯಿಲ್ಲ ಎಂದು ತಲೆ ಕೆಡಿಸಿಕೊಂಡದ್ದುಂಟು.

ದಿನಚರಿಯಲ್ಲಿ ಬರಲೇಬೇಕಾದ ಇನ್ನೊಂದು ಅಂಶ ಚಲನೆಗಳ ಅಡ್ಡಹೆಸರುಗಳು. ತಾಲೀಮಿನಲ್ಲಿ ಯಾರೂ ಪಠ್ಯಪುಸ್ತಕದ ಭಾಷೆ ಆಡುವುದಿಲ್ಲ. ನಮ್ಮಲ್ಲಿ ಸೊಂಟದಿಂದ ಮುಂದಕ್ಕೆ ಬಿದ್ದು ಕೈಗಳನ್ನು ಜೋತುಬಿಡುವುದಕ್ಕೆ "ಗೋಣಿಚೀಲ", ಒಬ್ಬರ ಬೆನ್ನ ಮೇಲಿಂದ ಇನ್ನೊಬ್ಬರು ಜಾರಿ ಇಳಿಯುವುದಕ್ಕೆ "ತಟ್ಟಿ", ಎರಡೂ ಅಂಗೈಗಳಿಂದ ಎದೆಯ ಹತ್ತಿರ ಕಾಣದ ಹಗ್ಗವನ್ನು ಸೇದುವುದಕ್ಕೆ "ಬಾವಿ" ಎಂದು ಹೆಸರಿದ್ದವು. ಈ ಹೆಸರುಗಳಲ್ಲಿ ಚಲನೆಯ ತೂಕವೂ ಇರುತ್ತದೆ. ಗೋಣಿಚೀಲ ಎಂದೊಡನೆ ಮೈ ಹೇಗೆ ಬೀಳಬೇಕು ಎಂಬುದು ಮಿಲ್ಲಿನಲ್ಲಿ ಚೀಲ ಹೊರುವುದನ್ನು ಕಂಡ ಯಾರಿಗಾದರೂ ತಿಳಿಯುತ್ತದೆ, "ಮುಂಬಾಗುವಿಕೆ" ಎಂದು ಬರೆದರೆ ತಿಳಿಯುವುದಿಲ್ಲ. ಪ್ರತಿ ಅಡ್ಡಹೆಸರಿನ ಮುಂದೆ ಎರಡು ಸಾಲಿನ ವಿವರಣೆ ಬರೆದು, ಅದನ್ನು ಮಾಡಿ ತೋರಿಸುವ ಹತ್ತು ಸೆಕೆಂಡುಗಳ ವಿಡಿಯೊ ತೆಗೆದು, ಅದೇ ಹೆಸರಿನಲ್ಲಿ ಉಳಿಸಿ.

ಹೆಜ್ಜೆ ಎಲ್ಲಿಂದ ಬಂತು ಎಂಬುದಕ್ಕೂ ಒಂದು ಪುಟವಿರಲಿ. ನಮ್ಮ ಕಡೆಯ ಸಮಕಾಲೀನ ನೃತ್ಯ ಬಯಲಾಟದಿಂದ, ಡೊಳ್ಳಿನಿಂದ, ಜೋಗತಿಯರ ಕುಣಿತದಿಂದ, ಮೊಹರಂನ ಅಲಾಯಿ ಕುಣಿತದಿಂದ ಎಷ್ಟೋ ಹೆಜ್ಜೆಗಳನ್ನು ಎರವಲು ಪಡೆದಿದೆ. ಮುದಗಲ್ಲಿನ ಮೊಹರಂ ನೋಡಿದವರಿಗೆ ಹಿಂದೂಗಳೂ ಮುಸ್ಲಿಮರೂ ಕೂಡಿಯೇ ಅಲಾಯಿ ಕುಣಿಯ, ಅಂದರೆ ಬೆಂಕಿಯ ಗುಂಡಿಯ, ಸುತ್ತ ಹೆಜ್ಜೆ ಹಾಕುವುದು ಗೊತ್ತು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರು ಪದ್ಮಶ್ರೀ ಪಡೆದದ್ದು 2021ರಲ್ಲಿ. ಅವರ ಕುಣಿತ ಕಾಳವ್ವ ಜೋಗತಿ ಅವರಿಂದ ಕಲಿತದ್ದು ಎಂಬುದು ನಮಗೆ ಇಂದು ತಿಳಿದಿರುವುದು ಶಿಷ್ಯೆಯೇ ಗುರುವಿನ ಹೆಸರನ್ನು ಎಲ್ಲೆಡೆ ಹೇಳಿಕೊಂಡು ಬಂದದ್ದರಿಂದ. ಊರಿನಲ್ಲಿ ಕೋಮು ಗಲಭೆ ಎದ್ದಾಗ ಮೊದಲು ಅಳಿಸಿಹೋಗುವುದು ಇಂಥ ಕೊಡುಕೊಳೆಯ ನೆನಪೇ. ಯಾವ ಹೆಜ್ಜೆಯನ್ನು ಯಾವ ಊರಿನ ಯಾರು, ಯಾವ ವರ್ಷ ಕಲಿಸಿದರು ಎಂದು, ಅವರ ಒಪ್ಪಿಗೆ ಪಡೆದು ಬರೆಯಿರಿ.

ಫೋನಿನಲ್ಲಿ ತೆಗೆಯುವ ಕ್ರಮ

ದುಬಾರಿ ಕ್ಯಾಮೆರಾ ಬೇಕಿಲ್ಲ. ಟ್ರೈಪಾಡ್ ಮಾತ್ರ ಬೇಕೇ ಬೇಕು, ಅದಿಲ್ಲದಿದ್ದರೆ ಎರಡು ಇಟ್ಟಿಗೆ ಮತ್ತು ಒಂದು ರಬ್ಬರ್ ಬ್ಯಾಂಡು. ಫೋನನ್ನು ಅಡ್ಡವಾಗಿ ನಿಲ್ಲಿಸಿ, ಇಡೀ ರಂಗ ಅಂಚಿನಿಂದ ಅಂಚಿಗೆ ಕಾಣುವಷ್ಟು ಹಿಂದಕ್ಕೆ ಸರಿಸಿ, ಮೊದಲಿನಿಂದ ಕೊನೆಯವರೆಗೆ ಅಲುಗಿಸದೆ ಒಂದೇ ಓಟದಲ್ಲಿ ತೆಗೆಯಿರಿ. ಮುಖದ ಹತ್ತಿರ ಹೋಗುವ, ಕುಣಿಯುವವರನ್ನು ಹಿಂಬಾಲಿಸುವ ಚೆಂದದ ಚಿತ್ರೀಕರಣ ಪ್ರಚಾರಕ್ಕೆ ಸರಿ, ಆದರೆ ಆ ಹೊತ್ತಿನಲ್ಲಿ ಮಿಕ್ಕ ಐವರು ಏನು ಮಾಡುತ್ತಿದ್ದರು ಎಂಬುದು ಅದರಲ್ಲಿ ಕಾಣುವುದಿಲ್ಲ.

ಅದೇ ನೃತ್ಯವನ್ನು ಇನ್ನೊಮ್ಮೆ ಹಿಂದುಗಡೆಯಿಂದ ತೆಗೆಯಿರಿ. ಎದುರಿನಿಂದ ತೆಗೆದ ವಿಡಿಯೊ ನೋಡಿ ಕಲಿಯುವವರು ಎಡವನ್ನು ಬಲ ಮಾಡಿಕೊಂಡುಬಿಡುತ್ತಾರೆ. ಬೆನ್ನ ಹಿಂದಿನಿಂದ ತೆಗೆದದ್ದನ್ನು ನೋಡಿದರೆ ಗುರುವಿನ ಹಿಂದೆ ನಿಂತು ಕಲಿತ ಹಾಗೆ ಆಗುತ್ತದೆ. ಮೂರನೆಯ ಸಲ ಬರೀ ಪಾದಗಳನ್ನು ತೆಗೆದರೆ ಇನ್ನೂ ಒಳ್ಳೆಯದು.

ಟ್ಯೂಬ್‌ಲೈಟಿನ ಕೆಳಗೆ ವಿಡಿಯೊ ಮಿಣುಕುತ್ತಿದ್ದರೆ ಅದಕ್ಕೆ ಕಾರಣ ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಫೋನು ಸಾಮಾನ್ಯವಾಗಿ ಸೆಕೆಂಡಿಗೆ 30 ಚೌಕಟ್ಟುಗಳಂತೆ ತೆಗೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ 25 ಅಥವಾ 50 ಎಂದು ಬದಲಾಯಿಸಲು ಆಗುವುದಾದರೆ ಬದಲಾಯಿಸಿ, ಶಟರ್ ವೇಗವನ್ನು ಐವತ್ತನೆಯ ಒಂದು ಸೆಕೆಂಡಿಗೆ ಇಟ್ಟರೆ ಮಿಣುಕು ನಿಲ್ಲುತ್ತದೆ. 1080 ಗುಣಮಟ್ಟದಲ್ಲಿ ತೆಗೆದರೆ ನಿಮಿಷಕ್ಕೆ ಸುಮಾರು 60ರಿಂದ 130 ಎಂಬಿ ಬೇಕಾಗುತ್ತದೆ, ಆದ್ದರಿಂದ ಮೊದಲೇ ಫೋನು ಖಾಲಿ ಮಾಡಿಕೊಂಡಿರಿ. ಅರ್ಧ ನೃತ್ಯದಲ್ಲಿ "ಜಾಗವಿಲ್ಲ" ಎಂಬ ಸೂಚನೆ ಬಂದು ನಿಂತ ವಿಡಿಯೊಗಳು ನನ್ನ ಬಳಿಯೇ ಮೂರಿವೆ.

ತೆಗೆದ ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದೇ ಕಳಿಸಿದರೆ ಅದು ಕುಗ್ಗಿ ಬೆರಳುಗಳೇ ಕಾಣದಂತಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಕೊಡಿ. ಗಲಾಟೆಯ ದಿನಗಳಲ್ಲಿ ಇಂಟರ್‌ನೆಟ್ಟೇ ನಿಂತುಹೋಗಬಹುದಾದ್ದರಿಂದ, ಕ್ಲೌಡನ್ನು ಮಾತ್ರ ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಲಿಪಿ ಬಾರದವರು ಬರೆಯುವ ಬಗೆ

ನೃತ್ಯ ಬರೆಯಲು ಲಾಬಾನ್ 1928ರಲ್ಲಿ ಪ್ರಕಟಿಸಿದ ಲಿಪಿ ಇಂದಿಗೂ ಬಳಕೆಯಲ್ಲಿದೆ. ಅದರ ಉಪಯೋಗವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಜರ್ಮನಿಯ ಕುರ್ಟ್ ಯೋಸ್ ಯುದ್ಧ ವಿರೋಧಿಯಾದ "ಹಸಿರು ಮೇಜು" ಎಂಬ ನೃತ್ಯವನ್ನು 1932ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಬಾರಿಗೆ ಪ್ರದರ್ಶಿಸಿ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದ. ಮರುವರ್ಷ ನಾಜಿಗಳು ಅಧಿಕಾರಕ್ಕೆ ಬಂದು, ತಂಡದಲ್ಲಿದ್ದ ಯಹೂದಿಗಳನ್ನು ಕೈಬಿಡುವಂತೆ ಒತ್ತಾಯಿಸಿದಾಗ ಒಪ್ಪದೆ ತಂಡದೊಂದಿಗೆ ದೇಶ ಬಿಟ್ಟ. ಆ ನೃತ್ಯ ಲಿಪಿಯಲ್ಲಿ ಇಳಿದಿದ್ದರಿಂದಲೂ, ಯೋಸ್‌ನ ಮಗಳು ಆನಾ ಮಾರ್ಕಾರ್ಡ್ ಮುಂದೆ ದಶಕಗಳ ಕಾಲ ಅದನ್ನು ಬೇರೆ ಬೇರೆ ತಂಡಗಳಿಗೆ ಕಲಿಸಿದ್ದರಿಂದಲೂ ಇಂದಿಗೂ ಪ್ರದರ್ಶನವಾಗುತ್ತಿದೆ. ಬರಹ ಒಂದು ಕಡೆ, ಕಲಿತ ಮೈ ಒಂದು ಕಡೆ, ಎರಡೂ ಬೇಕಾದವು.

ಆ ಲಿಪಿ ಕಲಿಯಲು ವರ್ಷಗಳು ಬೇಕು. ನಮ್ಮಂಥವರಿಗೆ ಚೌಕುಳಿ ಕಾಗದ ಸಾಕು. ಪುಟದ ಮೇಲ್ಭಾಗದಲ್ಲಿ ರಂಗದ ಚೌಕ ಬರೆದು ಪ್ರೇಕ್ಷಕರು ಯಾವ ಕಡೆಗಿದ್ದಾರೆ ಎಂಬುದನ್ನು ಗುರುತು ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್ಸಿಲ್ ಆರಿಸಿ, ಅವರು ನಡೆದ ದಾರಿಯನ್ನು ಬಾಣದ ಗುರುತಿನಿಂದ ಎಳೆಯಿರಿ. ಕೆಳಗೆ ಎಂಟೆಂಟು ಎಣಿಕೆಗಳ ಸಾಲು ಮಾಡಿ, ಪ್ರತಿ ಎಣಿಕೆಯ ಕೆಳಗೆ ಆ ಅಡ್ಡಹೆಸರುಗಳನ್ನು ಬರೆಯಿರಿ. ಎಣಿಕೆಗೆ ಸಿಗದ ಭಾಗಗಳಲ್ಲಿ ಯಾವ ಸದ್ದು, ಯಾರ ಉಸಿರು, ಯಾವ ನೋಟ ಸನ್ನೆಯಾಗಿತ್ತು ಎಂದು ಬರೆಯಿರಿ. 22 ನಿಮಿಷದ ನೃತ್ಯಕ್ಕೆ ನಮಗೆ 31 ಪುಟ ಹಿಡಿಯಿತು.

ಕುಣಿದವರನ್ನು ಕೇಳುವುದು

ಪ್ರದರ್ಶನವಾದರೆ ಅದರ ನಂತರ, ರದ್ದಾದರೆ ರದ್ದಾದ ನಂತರ, ಮೂರು ದಿನಗಳ ಒಳಗೆ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಮಾತಾಡಿಸಿ, ಧ್ವನಿ ಮುದ್ರಿಸಿಕೊಳ್ಳಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಗಟ್ಟಿಯಾಗಿ ಮಾತಾಡುವವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. "ಹೇಗನ್ನಿಸಿತು?" ಎಂದು ಕೇಳಬೇಡಿ, "ಚೆನ್ನಾಗಿತ್ತು" ಎಂಬುದರ ಹೊರತು ಮತ್ತೇನೂ ಬರುವುದಿಲ್ಲ. ಮೈಯನ್ನು ಕೇಳುವ ಪ್ರಶ್ನೆ ಕೇಳಿ: ಆ ತಿರುವಿನಲ್ಲಿ ತೂಕ ಯಾವ ಕಾಲಿನ ಮೇಲಿತ್ತು, ಉಸಿರು ಒಳಗೋ ಹೊರಗೋ, ಯಾರ ಕಡೆ ನೋಡುತ್ತಿದ್ದಿರಿ, ಎಲ್ಲಿ ನೋವಾಯಿತು, ಏನನ್ನು ಮಾಡಲು ಹೆದರಿದಿರಿ. ಹೆದರಿಕೆಯ ಪ್ರಶ್ನೆಗೆ ಬಂದಾಗ ನಿಧಾನಿಸಿ. ನಮ್ಮಲ್ಲಿ ಒಬ್ಬ ಹುಡುಗ, ಪೊಲೀಸ್ ಜೀಪು ಗೋದಾಮಿನ ಹೊರಗೆ ನಿಂತ ದಿನದಿಂದ ತಾನು ನೆಲಕ್ಕೆ ಪೂರ್ತಿ ಬೀಳುವುದನ್ನು ಬಿಟ್ಟು ಅರ್ಧಕ್ಕೇ ಎದ್ದೇಳುತ್ತಿದ್ದೆ ಎಂದು ಹೇಳಿದ. ನೃತ್ಯ ಸಂಯೋಜನೆ ಮಾಡಿದ ನಾನೇ ಅದನ್ನು ಗಮನಿಸಿರಲಿಲ್ಲ.

ನೋಡಿದವರನ್ನೂ ಕೇಳಿ. ಚಿಲಿ ದೇಶದಲ್ಲಿ 1973ರ ಸೇನಾ ದಂಗೆಯ ನಂತರ ಕಾಣೆಯಾದವರ ಮನೆಯ ಹೆಣ್ಣುಮಕ್ಕಳು, ಗಂಡು ಹೆಣ್ಣು ಜೋಡಿಯಾಗಿ ಕುಣಿಯುವ ಕ್ವೆಕಾ ಎಂಬ ಜನಪದ ನೃತ್ಯವನ್ನು 1978ರಿಂದ ಎದೆಗೆ ಭಾವಚಿತ್ರ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕುಣಿಯತೊಡಗಿದರು. ಹೆಜ್ಜೆ ಹಳೆಯದೇ. ಎದುರಿಗೆ ಯಾರು ಇರಬೇಕಿತ್ತು ಎಂಬುದು ನೋಡುವವರಿಗೆ ಗೊತ್ತಿದ್ದುದರಿಂದ ಅದರ ಅರ್ಥ ಬದಲಾಯಿತು. ವಿಡಿಯೊ ಮಾತ್ರ ಉಳಿದರೆ ಒಬ್ಬ ಹೆಂಗಸು ಕರವಸ್ತ್ರ ಬೀಸುತ್ತ ಕುಣಿದದ್ದಷ್ಟೇ ಉಳಿಯುತ್ತಿತ್ತು.

ನಡೆಯದ ಪ್ರದರ್ಶನದ ಕಾಗದಪತ್ರ

ಅನುಮತಿ ಕೋರಿ ಬರೆದ ಅರ್ಜಿ, ಅದಕ್ಕೆ ಬಿದ್ದ ಸ್ವೀಕೃತಿ ಮುದ್ರೆ, ಸಭಾಂಗಣದ ಬಾಡಿಗೆ ರಸೀದಿ, ಕರಪತ್ರ, ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು, ರದ್ದತಿಯ ಸಂದೇಶ ಇವನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಡಿ. ಅನುಮತಿ ನಿರಾಕರಿಸಿದರೆ ವಿನಯದಿಂದಲೇ, ಆದರೆ ಬಿಡದೆ, ಅದನ್ನು ಬರಹದಲ್ಲಿ ಕೊಡುವಂತೆ ಕೋರಿ. ಬಾಯಿಮಾತಿನಲ್ಲೇ ಹೇಳಿ ಕಳಿಸಿದರೆ ಅಂದೇ ಸಂಜೆ, ಯಾವ ಹೊತ್ತಿಗೆ ಯಾವ ಮಾತು ನಡೆಯಿತು ಎಂದು ಬರೆದು ಇಬ್ಬರು ಸಹಿ ಮಾಡಿ. ಪ್ರದರ್ಶನಗಳನ್ನು ನಿಷೇಧಿಸಲು ಬ್ರಿಟಿಷರು 1876ರಲ್ಲಿ ತಂದ ಕಾಯ್ದೆ ಮೂಕಾಭಿನಯವನ್ನೂ ಹೆಸರಿಸಿತ್ತು, ಅದು ರದ್ದಾದದ್ದು 2018ರಲ್ಲಿ. ಆ ಕಾಲದಲ್ಲಿ ಸರ್ಕಾರ ಮುಟ್ಟುಗೋಲು ಹಾಕಿದ ಎಷ್ಟೋ ಮುದ್ರಣಗಳು ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದು ಸಿಗುವುದಕ್ಕೆ ಕಾರಣ ತಡೆದವರ ಕಡತವೇ. ಆದರೆ ಕುಣಿತದ ವಿಷಯದಲ್ಲಿ ಕಡತದಲ್ಲಿ ಕೂರುವಂಥದ್ದು ಏನೂ ಇರುವುದಿಲ್ಲ, ನಾವೇ ಅದನ್ನು ಮಾಡಿಡಬೇಕು.

ಯಾರಿಗೆ ಎಷ್ಟು ಕಾಣಬೇಕು

ಎಲ್ಲವನ್ನೂ ಎಲ್ಲರಿಗೂ ತೋರಿಸುವುದು ದಾಖಲೆಯ ಉದ್ದೇಶವಲ್ಲ. ಇವತ್ತು ಹೆಮ್ಮೆಯಿಂದ ಹಾಕಿದ ವಿಡಿಯೊ ನಾಳೆ ಆ ಹುಡುಗಿಯ ಮನೆಯವರ ಕೈಗೋ, ಗಲಾಟೆ ಎಬ್ಬಿಸುವವರ ಕೈಗೋ ಸಿಗುತ್ತದೆ. ಪ್ರತಿಯೊಬ್ಬರಿಂದಲೂ ಕನ್ನಡದಲ್ಲಿ ಬರೆದ ಒಂದು ಪುಟದ ಒಪ್ಪಿಗೆ ಪಡೆಯಿರಿ. ಈಗಲೇ ತೋರಿಸಬಹುದಾದದ್ದು, ಇಂತಿಷ್ಟು ವರ್ಷದ ನಂತರ ತೋರಿಸಬಹುದಾದದ್ದು, ತಂಡದ ಹೊರಗೆ ಎಂದೂ ಹೋಗಬಾರದ್ದು ಎಂಬ ಮೂರು ವಿಭಾಗಗಳು ಅದರಲ್ಲಿರಲಿ. ಓದಲು ಬಾರದವರಿಗೆ ಓದಿ ಹೇಳಿ, ಅವರ ಒಪ್ಪಿಗೆಯ ಮಾತನ್ನು ಧ್ವನಿಯಲ್ಲಿ ಮುದ್ರಿಸಿ. 18 ತುಂಬದವರಿದ್ದರೆ ಪೋಷಕರ ಸಹಿ ಬೇಕು, ಮಗುವಿನ ಇಷ್ಟವನ್ನೂ ಕೇಳಬೇಕು. ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕು ಇದೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಹೊರಗೆ ಕೊಡುವ ಪ್ರತಿಗಳಲ್ಲಿ ಹೆಸರಿನ ಬದಲು ಗುರುತಿನ ಅಕ್ಷರ ಬಳಸಿ, ಯಾವ ಅಕ್ಷರ ಯಾರದು ಎಂಬ ಪಟ್ಟಿಯನ್ನು ಬೇರೆಯೇ ಮನೆಯಲ್ಲಿ ಇರಿಸಿ. ಫೋನು ತೆಗೆದ ಚಿತ್ರದೊಳಗೆ ಜಾಗದ ವಿವರವೂ ಅಡಗಿರುತ್ತದೆ, ಹಂಚುವ ಮೊದಲು ಅದನ್ನು ತೆಗೆದುಹಾಕಿ, ಮೂಲ ಪ್ರತಿಯಲ್ಲಿ ಹಾಗೆಯೇ ಬಿಡಿ.

ಹಕ್ಕಿನ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯು ನೃತ್ಯ ಸಂಯೋಜನೆಯನ್ನು ನಾಟಕ ಕೃತಿಯ ಸಾಲಿಗೆ ಸೇರಿಸುತ್ತದೆ, ಆದರೆ ಅದು ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು ಎಂಬ ಷರತ್ತಿದೆ. ಆ 31 ಪುಟಗಳು ಈ ಕಾರಣಕ್ಕೂ ಉಪಯೋಗಕ್ಕೆ ಬರುತ್ತವೆ. ಕುಣಿದವರಿಗೆ ಪ್ರದರ್ಶಕರ ಹಕ್ಕು ಪ್ರತ್ಯೇಕವಾಗಿದ್ದು, ಅದರ ಅವಧಿ 50 ವರ್ಷ. ಯಾರಿಗೆ ಯಾವುದರ ಮೇಲೆ ಹಕ್ಕು ಎಂಬುದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದಿಡುವುದು ಜಾಣತನ.

ಬಿಸಿಲು, ದೂಳು, ಡಿಸ್ಕು

ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಸಂಡೂರು, ಬಳ್ಳಾರಿ ಕಡೆ ಅದಿರಿನ ಕೆಂಪು ದೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಆರ್‌ಸಿಸಿ ತಾರಸಿಯ ಕೆಳಗಿನ ಕಬ್ಬಿಣದ ಬೀರುವಿನಲ್ಲಿ ಹಾರ್ಡ್ ಡಿಸ್ಕ್ ಇಟ್ಟರೆ ಅದನ್ನು ಒಲೆಯಲ್ಲಿ ಇಟ್ಟ ಹಾಗೆ. ಕೆಳಮನೆಯ ಒಳಕೋಣೆಯಲ್ಲಿ, ಬಿಸಿಲು ಬೀಳದ ಗೋಡೆಯ ಗೂಡಿನಲ್ಲಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇರಿಸಿ. ಮೂರು ಪ್ರತಿಗಳಿರಲಿ, ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಕೊಪ್ಪಳದವರ ಪ್ರತಿ ಬಳ್ಳಾರಿಯಲ್ಲಿ, ಬಳ್ಳಾರಿಯವರದು ರಾಯಚೂರಿನಲ್ಲಿ ಎಂದು ಗೆಳೆಯರ ತಂಡಗಳು ಪರಸ್ಪರ ಒಪ್ಪಂದ ಮಾಡಿಕೊಳ್ಳಬಹುದು. ಎಸ್‌ಎಸ್‌ಡಿ ಡಿಸ್ಕನ್ನು ವರ್ಷಗಟ್ಟಲೆ ಕರೆಂಟಿಗೆ ಹಾಕದೆ ಸೆಕೆಯಲ್ಲಿ ಇಟ್ಟರೆ ಅದರಲ್ಲಿರುವುದು ಮಾಸಿಹೋಗಬಹುದು, ಆದ್ದರಿಂದ ಆರು ತಿಂಗಳಿಗೊಮ್ಮೆ ತೆರೆದು ನೋಡಿ. ಹಾರ್ಡ್ ಡಿಸ್ಕನ್ನು ನಾಲ್ಕು ವರ್ಷಕ್ಕೊಮ್ಮೆ ಹೊಸದಕ್ಕೆ ಇಳಿಸಿಕೊಳ್ಳಿ.

ಫೈಲಿಗೆ ವರ್ಷ, ತಿಂಗಳು, ದಿನ, ನೃತ್ಯದ ಹೆಸರು, ಮುಂದಿನಿಂದಲೋ ಹಿಂದಿನಿಂದಲೋ ಎಂಬ ಕ್ರಮದಲ್ಲಿ ಹೆಸರಿಡಿ. "ಫೈನಲ್", "ಫೈನಲ್ ಹೊಸದು", "ಫೈನಲ್ ನಿಜವಾದದ್ದು" ಎಂಬ ಹೆಸರುಗಳ ಗೋಳು ಎಲ್ಲರಿಗೂ ಗೊತ್ತು. ಪ್ರತಿ ಫೈಲಿಗೂ ಹ್ಯಾಶ್ ಎಂಬ ಅಂಕಾಕ್ಷರಗಳ ಸಾಲೊಂದನ್ನು ಉಚಿತ ತಂತ್ರಾಂಶದಿಂದ ಪಡೆಯಬಹುದು. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಚುಕ್ಕೆ ಬದಲಾದರೂ ಬೇರೆಯಾಗುತ್ತದೆ. ಅದನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟರೆ, ಮುಂದೆ ಯಾರಾದರೂ ವಿಡಿಯೊವನ್ನು ಕತ್ತರಿಸಿ ಜೋಡಿಸಿ ಹಬ್ಬಿಸಿದಾಗ ಮೂಲ ಯಾವುದು ಎಂದು ತೋರಿಸಲು ಬರುತ್ತದೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮವು ವಿದ್ಯುನ್ಮಾನ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲೂ ಈ ಹ್ಯಾಶ್ ಕೇಳುತ್ತದೆ.

ತಂಡವೇ ಮುಚ್ಚಿಹೋಗುವ ಸಂದರ್ಭಕ್ಕೆ ಒಂದು ಸಂಸ್ಥೆಯನ್ನು ಮೊದಲೇ ಗುರುತಿಸಿರಿ. ಹಂಪಿಯಲ್ಲಿ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ, ಹಾವೇರಿ ಜಿಲ್ಲೆಯ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇವು ನಮಗೆ ಹತ್ತಿರದವು. ಹೋಗಿ ಮಾತಾಡಿ, ಏನನ್ನು ಯಾವ ಷರತ್ತಿನ ಮೇಲೆ ಇರಿಸಿಕೊಳ್ಳುತ್ತಾರೆ ಎಂದು ವಿಚಾರಿಸಿ. ಒಪ್ಪಿಗೆ ಪತ್ರದ ಪ್ರತಿಯಿಲ್ಲದೆ ಯಾವುದನ್ನೂ ಒಪ್ಪಿಸಬೇಡಿ, ಮೂಲ ಪ್ರತಿಯನ್ನಂತೂ ಕೈಬಿಡಲೇಬೇಡಿ.

ಮತ್ತೆ ಕುಣಿಸಿ ನೋಡುವುದು

ಇಷ್ಟೆಲ್ಲ ಆದ ಮೇಲೆ ದಾಖಲೆ ಸರಿಯಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆಯಿದೆ. ಆ ನೃತ್ಯವನ್ನು ಕಂಡೇ ಇರದ ಒಬ್ಬರಿಗೆ ನೋಟುಬುಕ್ಕನ್ನೂ ವಿಡಿಯೊಗಳನ್ನೂ ಕೊಟ್ಟು, ಮೂಲ ಕಲಾವಿದರು ಬಾಯಿ ಬಿಡದೆ ಕೂತು, ಐದು ನಿಮಿಷದ ಭಾಗವನ್ನು ಕಲಿಯಲು ಬಿಡಿ. ಅವರು ಎಲ್ಲಿ ನಿಂತರೋ ಅಲ್ಲಿ ದಾಖಲೆಯಲ್ಲಿ ತೂತಿದೆ ಎಂದು ಅರ್ಥ. ವರ್ಷಕ್ಕೊಮ್ಮೆ ಇದನ್ನು ಮಾಡಬೇಕು.

ಕಳೆದ ಬಾರಿ ನಾವು ಕಾರಟಗಿಯ ಒಬ್ಬ ಕಾಲೇಜು ಹುಡುಗಿಗೆ ಆ 11ನೆಯ ನಿಮಿಷದ ಭಾಗವನ್ನೇ ಕೊಟ್ಟೆವು. ವಿಡಿಯೊ ತೋರಿಸಲಿಲ್ಲ, ನೋಟುಬುಕ್ಕು ಮಾತ್ರ. ಎರಡು ಗಂಟೆಯಲ್ಲಿ ಅವಳು ಗೋಣಿಚೀಲ, ಬಾವಿ, ಹಿಮ್ಮಡಿಯ ತಿರುವು ಎಲ್ಲವನ್ನೂ ತಂದಳು. ಬೀಗದ ಹತ್ತಿರ ಬಂದಾಗ ಮಾತ್ರ ಗೋಡೆಯ ಕಡೆಗೆ ತಿರುಗಿ, ಇಲ್ಲದ ಬಾಗಿಲಿಗೆ ಬೀಗ ಹಾಕಿ ನಿಂತಳು. ಬಂದು ನೋಡಿದರೆ ಪುಟದಲ್ಲಿ "ಬಲಕ್ಕೆ" ಎಂದಿತ್ತು, ಯಾರ ಬಲಕ್ಕೆ ಎಂದು ಇರಲಿಲ್ಲ. ಬರೆದವಳು ನಾನೇ, ಪ್ರೇಕ್ಷಕರ ಜಾಗದಲ್ಲಿ ಕೂತು ಬರೆದದ್ದು. ಅದನ್ನು ಹೊಡೆದು "ಕುಣಿಯುವವಳ ಎಡಕ್ಕೆ" ಎಂದು ತಿದ್ದಿ, ಉಳಿದ 30 ಪುಟಗಳ ಎಡಬಲಗಳನ್ನು ನೋಡಲು ಆ ರಾತ್ರಿಯೇ ಕುಳಿತೆವು.